ಟ್ಯಾಪೆಟ್ ಸದ್ದು ಅಡಗಿಸುವ ಮುನ್ನ: ಬೈಕ್ ಕವಾಟದ ಆರೈಕೆ ಮನೆಯಂಗಳದಲ್ಲೇ

ಗ್ಯಾರೇಜಿಗೆ ಬರುವ ದ್ವಿಚಕ್ರ ವಾಹನ ಸವಾರರ ದೂರುಗಳಲ್ಲಿ ಒಂದು ಬಹಳ ಹಳೆಯದು. ‘ಎಂಜಿನ್ನಿನ ಮೇಲ್ಗಡೆ ಟಿಕ್ ಟಿಕ್ ಸದ್ದು ಬರ್ತಿದೆ, ಟ್ಯಾಪೆಟ್ ಸ್ವಲ್ಪ ಟೈಟ್ ಮಾಡಿಬಿಡಿ’ ಎಂಬುದೇ ಅದು. ಕೈತುಂಬ ಕೆಲಸವಿರುವ ಮೆಕ್ಯಾನಿಕ್ ಎಂಜಿನ್ ಬಿಸಿಯಿರುವಾಗಲೇ ಮುಚ್ಚಳ ತೆಗೆದು, ಬೆರಳಿನ ಅಂದಾಜಿನಲ್ಲೇ ಸ್ಕ್ರೂ ತಿರುವಿ, ಐದು ನಿಮಿಷದಲ್ಲಿ ಬೈಕನ್ನು ಹಿಂದಿರುಗಿಸುತ್ತಾನೆ. ಸದ್ದು ಅಡಗಿರುತ್ತದೆ. ಸವಾರನಿಗೂ ಸಮಾಧಾನ, ಮೆಕ್ಯಾನಿಕ್‌ಗೂ ಸಮಾಧಾನ. ಕೆಲವು ತಿಂಗಳ ನಂತರ ಅದೇ ಬೈಕು ಸಿಗ್ನಲ್‌ನಲ್ಲಿ ನಿಂತಾಗ ತಾನಾಗಿ ಆರಿಹೋಗತೊಡಗುತ್ತದೆ. ಬಿಸಿಯಾದ ಮೇಲೆ ಎಷ್ಟು ಕಿಕ್ ಹೊಡೆದರೂ ಹೊತ್ತಿಕೊಳ್ಳುವುದಿಲ್ಲ. ಏರು ರಸ್ತೆಯಲ್ಲಿ ಏದುಸಿರು ಬಿಡುತ್ತದೆ. ಎಂಜಿನ್ ಬಿಚ್ಚಿ ನೋಡಿದರೆ ಹೊಗೆ ಹೊರಹಾಕುವ ಕವಾಟದ ಅಂಚು ಸುಟ್ಟು ತಿಂದುಹೋಗಿರುತ್ತದೆ.

ಸದ್ದು ಮಾಡುವ ಟ್ಯಾಪೆಟ್‌ಗಿಂತ ಸದ್ದೇ ಮಾಡದ ಟ್ಯಾಪೆಟ್ ಹೆಚ್ಚು ಅಪಾಯಕಾರಿ ಎಂಬ ಸಂಗತಿ ಹಳಬ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತು. ಬೈಕಿನ ಒಡೆಯರಿಗೆ ಮಾತ್ರ ಅದನ್ನು ಯಾರೂ ಹೇಳುವುದಿಲ್ಲ. ಈ ಕೆಲಸಕ್ಕೆ ದುಬಾರಿ ಯಂತ್ರಗಳೇನೂ ಬೇಕಿಲ್ಲ. ಭಾನುವಾರದ ಒಂದು ಬೆಳಗ್ಗೆ, ನಾಲ್ಕೈದು ಸ್ಪ್ಯಾನರ್, ಒಂದು ಫೀಲರ್ ಗೇಜ್ ಮತ್ತು ಒಂದಿಷ್ಟು ತಾಳ್ಮೆಯಿದ್ದರೆ ಸಾಮಾನ್ಯ 100ರಿಂದ 150 ಸಿಸಿ ಬೈಕಿನ ಕವಾಟದ ಅಂತರವನ್ನು ಮನೆಯಂಗಳದಲ್ಲೇ ಪರೀಕ್ಷಿಸಿ ಸರಿಪಡಿಸಿಕೊಳ್ಳಬಹುದು.

ಕವಾಟವಿಲ್ಲದ ಕಾಲ

ಕರ್ನಾಟಕದ ಒಂದು ಇಡೀ ತಲೆಮಾರಿಗೆ ಈ ಉಸಾಬರಿಯೇ ಇರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕುಗಳು ಟೂ ಸ್ಟ್ರೋಕ್ ಎಂಜಿನ್ನಿನವು. ಅವುಗಳಲ್ಲಿ ಸಿಲಿಂಡರ್ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತಿತ್ತು. ಮೇಲೆ ಕವಾಟವೂ ಇಲ್ಲ, ಟ್ಯಾಪೆಟ್ಟೂ ಇಲ್ಲ. ಯಮಾಹಾ ಆರ್‌ಎಕ್ಸ್ 100ರ ಕಥೆಯೂ ಹೆಚ್ಚುಕಡಿಮೆ ಇದೇ. ಸೈಲೆನ್ಸರಿನ ಮಸಿ ತೆಗೆದು, ಪ್ಲಗ್ ಉಜ್ಜಿದರೆ ಮನೆಯ ಸರ್ವಿಸ್ ಮುಗಿದಂತೆ. ಆಗಲೂ ಕವಾಟದ ಗೊಡವೆ ಇದ್ದದ್ದು ಮುಖ್ಯವಾಗಿ ಬುಲೆಟ್ ಇಟ್ಟುಕೊಂಡವರಿಗೆ.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದ ಮೇಲೆ ಚಿತ್ರ ಬದಲಾಗತೊಡಗಿತು. ಮೈಲೇಜಿನ ಆಸೆಗೆ ಜನ ಫೋರ್ ಸ್ಟ್ರೋಕ್ ಕಡೆ ತಿರುಗಿದರು. 1994ರಲ್ಲಿ ಸ್ಪ್ಲೆಂಡರ್, 2001ರಲ್ಲಿ ಪಲ್ಸರ್ ಬಂದವು. ಹೊಗೆ ನಿಯಮಗಳು ಬಿಗಿಯಾದಂತೆ ಟೂ ಸ್ಟ್ರೋಕ್ ಬೈಕುಗಳು ಷೋರೂಮಿನಿಂದ ಮರೆಯಾದವು. ಇಂದು ರಸ್ತೆಯಲ್ಲಿರುವ ಪೆಟ್ರೋಲ್ ದ್ವಿಚಕ್ರ ವಾಹನಗಳಲ್ಲಿ ಬಹುತೇಕ ಎಲ್ಲಕ್ಕೂ ಕವಾಟಗಳಿವೆ. ಆದರೆ ಅವುಗಳ ಆರೈಕೆಯ ತಿಳಿವಳಿಕೆ ಮಾತ್ರ ಗ್ಯಾರೇಜಿನ ಒಳಗೇ ಉಳಿದುಬಿಟ್ಟಿತು.

ಕಾಗದದಷ್ಟು ಅಂತರ

ಫೋರ್ ಸ್ಟ್ರೋಕ್ ಎಂಜಿನ್ನಿನ ಹೆಡ್ಡಿನಲ್ಲಿ ಕನಿಷ್ಠ ಎರಡು ಕವಾಟಗಳಿರುತ್ತವೆ. ಒಂದು ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಒಳಗೆ ಬಿಡುವ ಇನ್‌ಲೆಟ್. ಇನ್ನೊಂದು ಉರಿದ ಅನಿಲವನ್ನು ಹೊರಗೆ ಕಳುಹಿಸುವ ಎಕ್ಸಾಸ್ಟ್. ಅಣಬೆಯ ಆಕಾರದ ಈ ಲೋಹದ ತುಂಡುಗಳನ್ನು ಸ್ಪ್ರಿಂಗ್‌ಗಳು ಸದಾ ಮೇಲಕ್ಕೆಳೆದು ಮುಚ್ಚಿ ಹಿಡಿದಿರುತ್ತವೆ. ಕ್ಯಾಮ್ ಶಾಫ್ಟ್‌ನ ಉಬ್ಬು ರಾಕರ್ ಆರ್ಮ್‌ನ ಒಂದು ತುದಿಯನ್ನು ಎತ್ತಿದಾಗ, ಏತದಂತೆ ಅದರ ಇನ್ನೊಂದು ತುದಿ ಕೆಳಗಿಳಿದು ಕವಾಟವನ್ನು ಒತ್ತಿ ತೆರೆಯುತ್ತದೆ. ಎಂಜಿನ್ ಎರಡು ಸುತ್ತು ತಿರುಗಿದರೆ ಪ್ರತಿ ಕವಾಟವೂ ಒಮ್ಮೆ ತೆರೆಯುತ್ತದೆ. ನಿಮಿಷಕ್ಕೆ 6000 ಸುತ್ತಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ 50 ಬಾರಿ.

ರಾಕರ್ ಆರ್ಮ್‌ನ ತುದಿಯ ಸ್ಕ್ರೂ ಮತ್ತು ಕವಾಟದ ಕಡ್ಡಿ ಒಂದಕ್ಕೊಂದು ಅಂಟಿಕೊಂಡಿರಬಾರದು. ನಡುವೆ ಕೂದಲೆಳೆಯ ಅಂತರ ಬೇಕು. ಮೆಕ್ಯಾನಿಕ್‌ಗಳ ಭಾಷೆಯ ಟ್ಯಾಪೆಟ್ ಗ್ಯಾಪ್ ಎಂದರೆ ಇದೇ. ಸಣ್ಣ ಬೈಕುಗಳಲ್ಲಿ ಇದು ಸಾಮಾನ್ಯವಾಗಿ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಿಂದ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಬರೆಯಲು ಬಳಸುವ ಬಿಳಿ ಹಾಳೆಯ ದಪ್ಪವೇ ಸುಮಾರು 0.1 ಮಿ.ಮೀ. ಎಂಬುದನ್ನು ನೆನೆದರೆ ಇದರ ಸೂಕ್ಷ್ಮ ಅರ್ಥವಾದೀತು. ಎಂಜಿನ್ ಬಿಸಿಯಾದಾಗ ಕವಾಟದ ಕಡ್ಡಿ ಹಿಗ್ಗಿ ಉದ್ದವಾಗುತ್ತದೆ. ಆ ಹಿಗ್ಗುವಿಕೆಗೆ ಬಿಟ್ಟ ಜಾಗವಿದು.

ಜಾಗ ಸಾಲದಿದ್ದರೆ ಏನಾಗುತ್ತದೆ? ಹಿಗ್ಗಿದ ಕಡ್ಡಿ ರಾಕರ್‌ಗೆ ತಾಗಿ ನಿಲ್ಲುತ್ತದೆ. ಕವಾಟ ತನ್ನ ಪೀಠದ ಮೇಲೆ ಪೂರ್ತಿ ಕೂರುವುದಿಲ್ಲ. ಬಾಗಿಲು ಓರೆಯಾಗಿ ತೆರೆದಂತೆ ಸಣ್ಣ ಸೀಳೊಂದು ಉಳಿಯುತ್ತದೆ. ಉರಿಯುವ ಅನಿಲ ಆ ಸೀಳಿನಿಂದ ಊದುಕೊಳವೆಯ ಜ್ವಾಲೆಯಂತೆ ನುಗ್ಗುತ್ತದೆ. ಎಕ್ಸಾಸ್ಟ್ ಕವಾಟ ದುಡಿಯುವುದೇ 600ರಿಂದ 800 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ. ಅದು ತನ್ನ ಶಾಖದ ಬಹುಪಾಲನ್ನು ಕಳೆದುಕೊಳ್ಳುವುದು ಪೀಠಕ್ಕೆ ಒತ್ತಿ ಕುಳಿತ ಆ ಕ್ಷಣಾರ್ಧದಲ್ಲಿ. ಕೂರಲು ಅವಕಾಶವೇ ಇಲ್ಲದಿದ್ದರೆ ತಣಿಯುವ ದಾರಿಯೂ ಮುಚ್ಚಿತು. ಹೀಗೆ ಒಂದು ಕಡೆ ಹೆಚ್ಚು ಬೆಂಕಿ, ಇನ್ನೊಂದು ಕಡೆ ಕಡಿಮೆ ತಂಪು. ಕವಾಟದ ಅಂಚು ಕರಗಿ ಬಿರುಕು ಬಿಡುವುದಕ್ಕೆ ಇನ್ನೇನೂ ಬೇಕಿಲ್ಲ.

ಅಂತರ ಹೆಚ್ಚಾದರೆ ಇಷ್ಟು ಅನಾಹುತವಿಲ್ಲ. ಕವಾಟ ತೆರೆಯುವುದು ತುಸು ತಡ, ಮುಚ್ಚುವುದು ತುಸು ಬೇಗ. ಎಂಜಿನ್ನಿನ ಉಸಿರು ಸ್ವಲ್ಪ ಮೊಟಕಾಗಿ ಪಿಕಪ್ ಕುಂದುತ್ತದೆ. ರಾಕರ್ ತುದಿ ಸುತ್ತಿಗೆಯಂತೆ ಕಡ್ಡಿಯ ಮೇಲೆ ಬಡಿಯುವುದರಿಂದ ಸದ್ದು ಬರುತ್ತದೆ, ನಿಧಾನವಾಗಿ ಸವೆತವೂ ಆಗುತ್ತದೆ. ಆದರೆ ಇದು ತನ್ನ ಇರವನ್ನು ತಾನೇ ಸಾರಿ ಹೇಳುವ ದೋಷ. ಬಿಗಿಯಾದ ಟ್ಯಾಪೆಟ್ ಹಾಗಲ್ಲ, ಮೌನವಾಗಿಯೇ ಕೆಡಿಸುತ್ತದೆ.

ಒಮ್ಮೆ ಸರಿಮಾಡಿದ ಅಂತರ ಬದಲಾಗುವುದೇಕೆ ಎಂಬ ಪ್ರಶ್ನೆ ಸಹಜ. ರಾಕರ್, ಕ್ಯಾಮ್ ಮತ್ತು ಸ್ಕ್ರೂ ತುದಿ ಸವೆದರೆ ಅಂತರ ಹೆಚ್ಚುತ್ತದೆ. ಕವಾಟವೂ ಪೀಠವೂ ಸವೆದರೆ ಕವಾಟ ಹೆಡ್ಡಿನೊಳಕ್ಕೆ ಇನ್ನಷ್ಟು ಹುದುಗಿ, ಅದರ ಕಡ್ಡಿ ರಾಕರ್‌ನ ಸಮೀಪಕ್ಕೆ ಬರುತ್ತದೆ, ಅಂತರ ಕುಗ್ಗುತ್ತದೆ. ಎರಡೂ ಒಟ್ಟಿಗೆ ನಡೆಯುವುದರಿಂದ ಕಿವಿಯನ್ನಷ್ಟೇ ನಂಬಿ ತೀರ್ಮಾನಕ್ಕೆ ಬರುವಂತಿಲ್ಲ. ಹೊಸ ಬೈಕಿನ ಬಿಡಿಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವ ಮೊದಲ ದಿನಗಳಲ್ಲಿ ಈ ಬದಲಾವಣೆ ಹೆಚ್ಚು. ಮೊದಲ ಸರ್ವಿಸ್ ತಪ್ಪಿಸಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಮೊದಲು ತಿಳಿಯಬೇಕಾದದ್ದು

ಎಲ್ಲ ಬೈಕುಗಳ ವ್ಯವಸ್ಥೆಯೂ ಒಂದೇ ಅಲ್ಲ. ಸ್ಕ್ರೂ ಮತ್ತು ಲಾಕ್‌ನಟ್ ಇರುವ ಎಂಜಿನ್‌ಗಳು ಮನೆಗೆಲಸಕ್ಕೆ ಒಗ್ಗುತ್ತವೆ. ಸ್ಪ್ಲೆಂಡರ್, ಪಲ್ಸರ್ 150, ಯುನಿಕಾರ್ನ್‌ನಂಥ ಬೈಕುಗಳು ಈ ಗುಂಪಿನವು. ಆಕ್ಟಿವಾದಂಥ ಸ್ಕೂಟರುಗಳಲ್ಲೂ ಇದೇ ವ್ಯವಸ್ಥೆ, ಆದರೆ ಹೆಡ್ಡಿನವರೆಗೆ ಕೈ ಹೋಗಬೇಕಾದರೆ ಮೊದಲು ಪ್ಲಾಸ್ಟಿಕ್ ಕವಚಗಳನ್ನು ಕಳಚಬೇಕು.

ಕೆಟಿಎಂ 390 ಡ್ಯೂಕ್‌ನಂಥ, ಎರಡು ಕ್ಯಾಮ್ ಶಾಫ್ಟ್‌ಗಳ ಎಂಜಿನ್‌ಗಳಲ್ಲಿ ಸ್ಕ್ರೂ ಇಲ್ಲ. ನಿರ್ದಿಷ್ಟ ದಪ್ಪದ ಶಿಮ್ ಎಂಬ ಪುಟ್ಟ ಬಿಲ್ಲೆಗಳನ್ನು ಬದಲಿಸಿ ಅಂತರ ಹೊಂದಿಸಬೇಕು. ಲೆಕ್ಕ ಸರಳವೇ: ಹಳೆಯ ಬಿಲ್ಲೆಯ ದಪ್ಪಕ್ಕೆ ಅಳೆದ ಅಂತರವನ್ನು ಕೂಡಿಸಿ, ಇರಬೇಕಾದ ಅಂತರವನ್ನು ಕಳೆದರೆ ಹೊಸ ಬಿಲ್ಲೆಯ ದಪ್ಪ ಸಿಗುತ್ತದೆ. ಆದರೆ ಬಿಲ್ಲೆ ಬದಲಿಸುವಾಗ ಕ್ಯಾಮ್ ಶಾಫ್ಟ್ ಬಿಚ್ಚಬೇಕಾಗುವ ಎಂಜಿನ್‌ಗಳಲ್ಲಿ, ಮರಳಿ ಕೂರಿಸುವಾಗ ಟೈಮಿಂಗ್ ಚೈನ್ ಕೆಲವು ಹಲ್ಲು ತಪ್ಪಿದರೂ ಕವಾಟವೂ ಪಿಸ್ಟನ್ನೂ ಡಿಕ್ಕಿ ಹೊಡೆಯಬಹುದು. ಮೊದಲ ಬಾರಿ ಸ್ಪ್ಯಾನರ್ ಹಿಡಿದವರು ಇದಕ್ಕೆ ಕೈ ಹಾಕದಿರುವುದು ಲೇಸು. ಇನ್ನು ವಾರಂಟಿ ಅವಧಿಯಲ್ಲಿರುವ ಬೈಕನ್ನು ಮನೆಯಲ್ಲಿ ಬಿಚ್ಚಿ ಕಂಪನಿಯೊಂದಿಗೆ ವಾದಕ್ಕಿಳಿಯುವುದರಲ್ಲೂ ಅರ್ಥವಿಲ್ಲ.

ಬೈಕಿನ ಜೊತೆ ಬರುವ ಕೈಪಿಡಿಯನ್ನು ಬೀರುವಿನಿಂದ ಹೊರತೆಗೆಯುವುದೇ ಮೊದಲ ಕೆಲಸ. ಎಷ್ಟು ಕಿಲೋಮೀಟರಿಗೊಮ್ಮೆ ಪರೀಕ್ಷಿಸಬೇಕು, ಇನ್‌ಲೆಟ್‌ಗೆ ಎಷ್ಟು, ಎಕ್ಸಾಸ್ಟ್‌ಗೆ ಎಷ್ಟು ಎಂಬುದು ಅದರಲ್ಲಿರುತ್ತದೆ. ಇಲ್ಲವಾದರೆ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಕೇಳಬಹುದು. ಪಕ್ಕದ ಮನೆಯವರ ಬೈಕಿನ ಅಳತೆ ತಮ್ಮ ಬೈಕಿಗೆ ಹೊಂದುತ್ತದೆಂದು ಭಾವಿಸುವಂತಿಲ್ಲ. ಎಕ್ಸಾಸ್ಟ್ ಕವಾಟ ಹೆಚ್ಚು ಬಿಸಿಯಾಗುವುದರಿಂದ ಹಲವು ಬೈಕುಗಳಲ್ಲಿ ಅದಕ್ಕೆ ಹೆಚ್ಚು ಅಂತರ ಕೊಟ್ಟಿರುತ್ತಾರೆ.

ಫೀಲರ್ ಗೇಜ್ ಎಂಬುದು ಬೀಸಣಿಗೆಯಂತೆ ಬಿಡಿಸಿಕೊಳ್ಳುವ ಉಕ್ಕಿನ ತೆಳು ಪಟ್ಟಿಗಳ ಕಟ್ಟು. ಪ್ರತಿ ಪಟ್ಟಿಯ ಮೇಲೂ ದಪ್ಪ ಕೊರೆದಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ಜಿಲ್ಲಾ ಕೇಂದ್ರಗಳ ಹಾರ್ಡ್‌ವೇರ್ ಅಂಗಡಿಗಳವರೆಗೆ ಸಿಗುವ ಸಾಮಾನು. ಕೊಳ್ಳುವಾಗ 0.05 ಮಿ.ಮೀ. ಪಟ್ಟಿ ಅದರಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಕಾರುಗಳಿಗೆಂದು ಮಾಡಿದ ಕೆಲವು ಕಟ್ಟುಗಳಲ್ಲಿ ಅಷ್ಟು ತೆಳು ಪಟ್ಟಿ ಇರುವುದಿಲ್ಲ.

ಕೆಲಸದ ಬೆಳಗ್ಗೆ

ಎಂಜಿನ್ ಪೂರ್ತಿ ತಣ್ಣಗಿರಬೇಕು. ಕೈಗೆ ಬಿಸಿ ತಾಗದಿದ್ದರೆ ಸಾಲದು, ರಾತ್ರಿಯಿಡೀ ನಿಂತಿರಬೇಕು. ತಯಾರಕರು ಹೇಳುವ ಅಳತೆ ಸಾಮಾನ್ಯವಾಗಿ 35 ಡಿಗ್ರಿಗಿಂತ ಕಡಿಮೆ ತಾಪದ ಎಂಜಿನ್ನಿನದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮಧ್ಯಾಹ್ನ ಬಿಸಿಲಿಗೆ ನಿಂತ ಬೈಕು ಸ್ಟಾರ್ಟ್ ಮಾಡದೆಯೇ ಆ ಮಿತಿ ದಾಟಿರುತ್ತದೆ. ಹಾಗಾಗಿ ಸೂರ್ಯ ಮೇಲೇರುವ ಮೊದಲೇ ಕೆಲಸ ಆರಂಭಿಸುವುದು ಒಳಿತು.

ಸ್ಪ್ಲೆಂಡರ್ ಮಾದರಿಯ ಎಂಜಿನ್ನನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಸಿಲಿಂಡರ್ ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿ ಮುಂದಕ್ಕೆ ಚಾಚಿಕೊಂಡಿದೆ. ಹೆಡ್ಡಿನ ಮೇಲ್ಭಾಗದ ದುಂಡು ಮುಚ್ಚಳದ ಒಳಗೆ ಇನ್‌ಲೆಟ್, ಕೆಳಭಾಗದ ಮುಚ್ಚಳದ ಒಳಗೆ ಎಕ್ಸಾಸ್ಟ್. ಬೈಕನ್ನು ಸಮತಟ್ಟು ನೆಲದ ಮೇಲೆ ನಡು ಸ್ಟ್ಯಾಂಡಿಗೆ ಏರಿಸಿ, ಮುಚ್ಚಳಗಳ ಸುತ್ತ ಅಂಟಿದ ಧೂಳು, ಕೆಸರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕಿ ಒರೆಸಬೇಕು. ಇದನ್ನು ಬೇಸರದ ಕೆಲಸವೆಂದು ಬಿಟ್ಟರೆ ಮುಚ್ಚಳ ತೆಗೆದ ಕ್ಷಣ ಮರಳು ಎಂಜಿನ್ನಿನ ಒಳಗೆ ಉದುರುತ್ತದೆ. ಕೆಳಗಿನ ಮುಚ್ಚಳ ಬಿಚ್ಚಿದಾಗ ಸ್ವಲ್ಪ ಆಯಿಲ್ ಸುರಿಯುವುದು ಸಹಜ. ಒಂದು ಹಳೆಯ ತಟ್ಟೆ ಇಟ್ಟಿರಬೇಕು. ಸ್ಪಾರ್ಕ್ ಪ್ಲಗ್ಗನ್ನೂ ಬಿಚ್ಚಿದರೆ ಒಳಗಿನ ಒತ್ತಡವಿಲ್ಲದೆ ಎಂಜಿನ್ನನ್ನು ಕೈಯಿಂದ ಸಲೀಸಾಗಿ ತಿರುಗಿಸಬಹುದು. ಎರಡು ಪ್ಲಗ್‌ಗಳಿರುವ ಪಲ್ಸರ್‌ನಲ್ಲಿ ಒಂದನ್ನು ಬಿಚ್ಚಿದರೂ ಸಾಕು.

ಎಡಬದಿಯ ಮ್ಯಾಗ್ನೆಟ್ ಕವರಿನ ಮೇಲೆ ಎರಡು ಬಿರಡೆಗಳಿವೆ. ನಡುವಿನದನ್ನು ತೆಗೆದರೆ ಕ್ರ್ಯಾಂಕ್‌ನ ನಟ್ ಕಾಣುತ್ತದೆ. ಮೇಲಿನದನ್ನು ತೆಗೆದರೆ ಮ್ಯಾಗ್ನೆಟ್‌ನ ಅಂಚಿನ ಗುರುತುಗಳು ಕಾಣುತ್ತವೆ. ಸಾಕೆಟ್ ಸ್ಪ್ಯಾನರ್ ಹಾಕಿ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ, ಅಂದರೆ ಎಂಜಿನ್ ಓಡುವ ದಿಕ್ಕಿಗೇ ನಿಧಾನವಾಗಿ ತಿರುಗಿಸುತ್ತ ಹೋದರೆ ‘ಟಿ’ ಎಂಬ ಅಕ್ಷರದ ಪಕ್ಕದ ಗೆರೆ ಕಿಂಡಿಯ ಗುರುತಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ಪಿಸ್ಟನ್ ಆಗ ತುತ್ತತುದಿಯಲ್ಲಿರುತ್ತದೆ. ‘ಎಫ್’ ಎಂಬ ಇನ್ನೊಂದು ಗುರುತೂ ಹತ್ತಿರದಲ್ಲೇ ಇರುತ್ತದೆ; ಅದು ಕಿಡಿ ಹಾರುವ ಸಮಯದ್ದು, ಈ ಕೆಲಸಕ್ಕೆ ಸಂಬಂಧಿಸಿದ್ದಲ್ಲ.

ಬಹಳ ಮಂದಿ ಎಡವುವುದು ಇಲ್ಲಿಯೇ. ಪಿಸ್ಟನ್ ತುದಿ ಮುಟ್ಟುವುದು ಎರಡು ಬಾರಿ: ಮಿಶ್ರಣವನ್ನು ಅದುಮಿದಾಗ ಒಮ್ಮೆ, ಹೊಗೆಯನ್ನು ಹೊರದಬ್ಬಿದಾಗ ಇನ್ನೊಮ್ಮೆ. ಗುರುತು ಎರಡು ಬಾರಿಯೂ ಒಂದೇ ಕಡೆ ಬಂದು ನಿಲ್ಲುತ್ತದೆ. ಎರಡನೆಯ ಸ್ಥಿತಿಯಲ್ಲಿ ಕವಾಟಗಳು ಅರೆತೆರೆದಿರುತ್ತವೆ. ಆಗ ಅಂತರ ಅಳೆದರೆ ಸಿಗುವುದೆಲ್ಲ ಸುಳ್ಳು ಲೆಕ್ಕ. ಪರೀಕ್ಷೆ ಸುಲಭ. ಎರಡೂ ರಾಕರ್‌ಗಳನ್ನು ಬೆರಳಿನಿಂದ ಅಲುಗಿಸಿ ನೋಡಬೇಕು. ಎರಡೂ ಒಂದಿಷ್ಟು ಸಡಿಲವಾಗಿ ಅಲುಗಿದರೆ ಸರಿಯಾದ ಸ್ಥಿತಿ. ಬಿಗಿಯಾಗಿದ್ದರೆ ಕ್ರ್ಯಾಂಕನ್ನು ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ಮತ್ತೆ ಅದೇ ಗುರುತಿಗೆ ತರಬೇಕು. ಅನುಮಾನವಿದ್ದರೆ ಪ್ಲಗ್ಗಿನ ರಂಧ್ರಕ್ಕೆ ಹೆಬ್ಬೆರಳು ಒತ್ತಿ ತಿರುಗಿಸಿದಾಗ, ಗಾಳಿ ಬೆರಳನ್ನು ಹೊರದಬ್ಬುವ ಸುತ್ತೇ ಬೇಕಾದ ಸುತ್ತು.

ಇನ್ನು ಅಳತೆ. ನಿಗದಿತ ದಪ್ಪದ ಪಟ್ಟಿಯನ್ನು ಸ್ಕ್ರೂ ತುದಿ ಮತ್ತು ಕವಾಟದ ಕಡ್ಡಿಯ ನಡುವೆ ತೂರಿಸಬೇಕು. ಎಣ್ಣೆ ಹಚ್ಚಿದ ಎರಡು ಹಾಳೆಗಳ ನಡುವಿನಿಂದ ಮೂರನೆಯದನ್ನು ಎಳೆದಂತೆ ಸಣ್ಣ ತಡೆಯೊಂದಿಗೆ ಜಾರಿದರೆ ಅಂತರ ಸರಿಯಿದೆ, ಮುಟ್ಟದೆ ಬಿಟ್ಟುಬಿಡಬಹುದು. ತಡೆಯೇ ಇಲ್ಲದಿದ್ದರೆ ಹೆಚ್ಚು, ತೂರದಿದ್ದರೆ ಕಡಿಮೆ. ಕೈ ಪಳಗದವರಿಗೆ ಇನ್ನೊಂದು ಉಪಾಯವಿದೆ: ನಿಗದಿತ ಪಟ್ಟಿ ಹೋಗಬೇಕು, ಅದಕ್ಕಿಂತ ಒಂದು ಹಂತ ದಪ್ಪನೆಯದು ಹೋಗಬಾರದು.

ಸರಿಪಡಿಸಬೇಕಿದ್ದರೆ ರಿಂಗ್ ಸ್ಪ್ಯಾನರಿನಿಂದ ಲಾಕ್‌ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಪಟ್ಟಿಯನ್ನು ಒಳಗೇ ಇಟ್ಟುಕೊಂಡು ಸ್ಕ್ರೂವನ್ನು ತಿರುವಿ ಹದಕ್ಕೆ ತರಬೇಕು. ಬಳಿಕ ಸ್ಕ್ರೂ ಅಲುಗದಂತೆ ಹಿಡಿದು ಲಾಕ್‌ನಟ್ ಬಿಗಿಯಬೇಕು. ನಟ್ ಬಿಗಿಯುವಾಗ ಸ್ಕ್ರೂ ತಾನೂ ಒಂದಿಷ್ಟು ತಿರುಗುವುದುಂಟು. ಆದ್ದರಿಂದ ಬಿಗಿದ ಮೇಲೆ ಮತ್ತೆ ಅಳೆಯಲೇಬೇಕು. ಎರಡು ಮೂರು ಸಲ ಬಿಚ್ಚಿ ಬಿಗಿಯಬೇಕಾಗಿ ಬಂದರೆ ಅದು ಕೈಗುಣದ ದೋಷವಲ್ಲ, ಅನುಭವಿಗಳಿಗೂ ಹಾಗಾಗುತ್ತದೆ. ಎಳೆಗಳು ಸಣ್ಣವು, ಶಕ್ತಿಪ್ರದರ್ಶನಕ್ಕೆ ಇಳಿದರೆ ಕಿತ್ತುಬರುತ್ತವೆ. ಹಾಗೆಂದು ಸಡಿಲ ಬಿಟ್ಟರೆ ಓಡುವಾಗ ನಟ್ ಕಳಚಿ ಇನ್ನೂ ದೊಡ್ಡ ಖರ್ಚಿಗೆ ದಾರಿಯಾಗುತ್ತದೆ.

ಎರಡನ್ನೂ ಹೊಂದಿಸಿದ ಮೇಲೆ ಕ್ರ್ಯಾಂಕನ್ನು ಎರಡು ಸುತ್ತು ತಿರುಗಿಸಿ, ಗುರುತಿಗೆ ತಂದು, ಇನ್ನೊಮ್ಮೆ ಅಳೆದರೆ ಮನಸ್ಸಿಗೆ ನೆಮ್ಮದಿ. ಮುಚ್ಚಳಗಳ ರಬ್ಬರ್ ಓ-ರಿಂಗ್‌ಗಳು ಗಡುಸಾಗಿದ್ದರೆ ಹೊಸದು ಹಾಕಬೇಕು, ಇಲ್ಲವಾದರೆ ಆಯಿಲ್ ಜಿನುಗುತ್ತದೆ. ಪ್ಲಗ್ಗನ್ನು ಮೊದಲ ಕೆಲವು ಎಳೆ ಕೈಯಿಂದಲೇ ತಿರುಗಿಸಿ ಕೂರಿಸಿ ಆಮೇಲೆ ಸ್ಪ್ಯಾನರ್ ಹಾಕಬೇಕು. ಅಲ್ಯೂಮಿನಿಯಂ ಹೆಡ್ಡಿನ ಎಳೆ ಒಮ್ಮೆ ಹಾಳಾದರೆ ಲೇತ್ ಅಂಗಡಿಯೇ ಗತಿ. ಸುರಿದಷ್ಟು ಆಯಿಲ್ ತುಂಬಿಸಲು ಮರೆಯಬಾರದು.

ಬುಲೆಟ್ಟಿನ ದಾರಿ ಬೇರೆ

ಹಳೆಯ ಎರಕದ ಕಬ್ಬಿಣದ ಸಿಲಿಂಡರಿನ ರಾಯಲ್ ಎನ್‌ಫೀಲ್ಡ್ ಬುಲೆಟ್‌ಗೆ ಫೀಲರ್ ಗೇಜ್ ಬೇಕಿಲ್ಲ. ಅಲ್ಲಿ ಕ್ಯಾಮ್ ಇರುವುದು ಕೆಳಗೆ. ಉದ್ದನೆಯ ಎರಡು ಪುಷ್‌ರಾಡ್‌ಗಳು ಅದರ ಚಲನೆಯನ್ನು ಮೇಲಿನ ರಾಕರ್‌ಗೆ ಮುಟ್ಟಿಸುತ್ತವೆ. ತಣ್ಣನೆಯ ಎಂಜಿನ್ನಿನಲ್ಲಿ ಅಂತರ ಸೊನ್ನೆ ಇರಬೇಕೆಂಬುದು ನಿಯಮ. ಬಲಬದಿಯಲ್ಲಿ ಸಿಲಿಂಡರ್ ಬುಡದ ಟ್ಯಾಪೆಟ್ ಕವರ್ ತೆಗೆದು, ಎರಡೂ ಕವಾಟ ಮುಚ್ಚಿದ ಸ್ಥಿತಿಗೆ ತಂದು, ಎರಡು ಬೆರಳಿನಿಂದ ಪುಷ್‌ರಾಡನ್ನು ತಿರುಗಿಸಿ ನೋಡಬೇಕು. ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಬಾರದು.

ಸೊನ್ನೆ ಅಂತರ ಬಿಸಿಯಲ್ಲಿ ಹೇಗೆ ನಿಭಾಯಿಸುತ್ತದೆ? ಪುಷ್‌ರಾಡ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅದು ಪ್ರತಿ ಡಿಗ್ರಿಗೆ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಸಿಲಿಂಡರ್ ಹೆಚ್ಚು ಬಿಸಿಯಾದರೂ ಕಬ್ಬಿಣವಾದ್ದರಿಂದ ಕಡಿಮೆ ಹಿಗ್ಗುತ್ತದೆ. ಪುಷ್‌ರಾಡ್ ಕಡಿಮೆ ಬಿಸಿಯಾದರೂ ಹೆಚ್ಚು ಹಿಗ್ಗುತ್ತದೆ. ಎರಡೂ ಹತ್ತಿರ ಹತ್ತಿರ ಒಂದೇ ಪ್ರಮಾಣದಲ್ಲಿ ಬೆಳೆಯುವಂತೆ ಮಾಡಿದ ಜಾಣ ಏರ್ಪಾಡು ಇದು. ಈ ಎಂಜಿನ್ನಿನ ನಂತರ ಬಂದ ಯುಸಿಇ ಎಂಜಿನ್‌ಗಳಲ್ಲಿ ಆಯಿಲ್ ಒತ್ತಡದಿಂದ ತಾವೇ ಹೊಂದಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್‌ಗಳಿದ್ದವು. ಅವುಗಳನ್ನು ಯಾರೂ ತಿರುವಬೇಕಿಲ್ಲ, ಕಾಲಕಾಲಕ್ಕೆ ಶುದ್ಧ ಆಯಿಲ್ ಹಾಕಿದರೆ ಸಾಕು.

ಹೊಂದಿಸಿದರೂ ಸದ್ದು ಹೋಗದಿದ್ದರೆ

ಸರಿಯಾದ ಅಂತರವಿದ್ದರೂ ಮಂದವಾದ, ಸಮಲಯದ ಟಿಕ್ ಟಿಕ್ ಕೇಳಿಸುವುದು ಸ್ವಾಭಾವಿಕ. ಅದನ್ನು ಅಡಗಿಸಲು ಹೊರಡಬಾರದು. ಸದ್ದು ಜೋರಾಗಿಯೇ ಉಳಿದರೆ ಸ್ಕ್ರೂ ತುದಿಯನ್ನು ಪರೀಕ್ಷಿಸಬೇಕು. ಅಲ್ಲಿ ಸವೆದು ಸಣ್ಣ ಗುಳಿ ಬಿದ್ದಿದ್ದರೆ ಫೀಲರ್ ಪಟ್ಟಿ ಗುಳಿಯ ಅಂಚುಗಳ ಮೇಲೆ ಸೇತುವೆಯಂತೆ ಕೂರುತ್ತದೆ. ಪಟ್ಟಿ ಹೇಳುವ ಅಂತರಕ್ಕಿಂತ ನಿಜವಾದ ಅಂತರ ಹೆಚ್ಚಿರುತ್ತದೆ. ಸ್ಕ್ರೂ ಬದಲಿಸುವುದೇ ಪರಿಹಾರ. ಟಿಕ್ ಟಿಕ್ ಬದಲು ಸರಪಳಿ ಅಲುಗಿಸಿದಂಥ ಗರಗರ ಸದ್ದಾದರೆ ಟೈಮಿಂಗ್ ಚೈನ್ ಅಥವಾ ಅದರ ಟೆನ್ಷನರ್ ಕಡೆ ನೋಡಬೇಕು. ಟ್ಯಾಪೆಟ್ ಬಿಗಿಮಾಡಿ ಚೈನಿನ ಸದ್ದು ನಿಲ್ಲಿಸಲು ಹೋದವರೇ ಕವಾಟ ಸುಟ್ಟುಕೊಂಡವರಲ್ಲಿ ಹಲವರು.

ಅಂತರ ಸರಿಯಿದ್ದೂ ಬೈಕು ಬಿಸಿಯಲ್ಲಿ ಸ್ಟಾರ್ಟ್ ಆಗದಿದ್ದರೆ, ಕಿಕ್ಕರ್ ಒತ್ತಿದಾಗ ಕಾಲಿಗೆ ಎದುರೊತ್ತಡವೇ ಸಿಗದಿದ್ದರೆ, ಕವಾಟದ ಪೀಠ ಸೋರುತ್ತಿರಬಹುದು. ಪಿಸ್ಟನ್ ರಿಂಗ್ ಸವೆದಿದ್ದರೂ ಹೀಗಾಗುತ್ತದೆ. ಆಗ ಹೆಡ್ ಇಳಿಸಿ, ಅರೆಯುವ ಪೇಸ್ಟ್ ಹಚ್ಚಿ ಕವಾಟವನ್ನು ಪೀಠದ ಮೇಲೆ ತಿರುವಿ ತಿರುವಿ ಉಜ್ಜುವ ಲ್ಯಾಪಿಂಗ್ ಬೇಕಾದೀತು. ಉಜ್ಜಿದ ನಂತರ ಕವಾಟ ಕೂರಿಸಿದ ಹೆಡ್ಡನ್ನು ಬೋರಲು ಹಾಕಿ ಉರಿಕೋಣೆಯ ಗುಳಿಗೆ ಸೀಮೆಎಣ್ಣೆ ಸುರಿಯುತ್ತಾರೆ; ಕೆಲವು ನಿಮಿಷ ಕಳೆದರೂ ಕೊಳವೆಯ ಬದಿಯಿಂದ ಹನಿ ಜಿನುಗದಿದ್ದರೆ ಕವಾಟ ಕೂತಿದೆ ಎಂದರ್ಥ. ಈ ಹಂತಕ್ಕೆ ನಂಬಿಕೆಯ ಗ್ಯಾರೇಜೇ ಸೂಕ್ತ. ಅಲ್ಲಿಯೂ ಬೈಕಿನ ಒಡೆಯರು ಮಾಡಬಹುದಾದ ಒಂದು ಕೆಲಸವಿದೆ. ಸಂಜೆಯೇ ಬೈಕು ಬಿಟ್ಟು ಬಂದು, ಮರುದಿನ ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಗೇಜ್ ಹಾಕಿ ಟ್ಯಾಪೆಟ್ ಹೊಂದಿಸುವಂತೆ ಕೇಳಿಕೊಳ್ಳುವುದು.